ಮುಚ್ಚಳಕ್ಕೆ ಕೈ ಹಾಕಿದಾಗ

ಕರವಸ್ತ್ರ ಸುತ್ತಿ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಿದ್ದೆ. ಹಿಂದಿನಿಂದ ಬಂದ ಹೆಂಗಸೊಬ್ಬರು ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಬಿಟ್ಟರು. ಹಿಟ್ನಾಳ ದಾಟಿದ ಮೇಲೆ ಕಾರಿನ ಎಂಜಿನ್ ಕಾದು, ಬಾನೆಟ್‌ನಿಂದ ಹಬೆ ಏಳುತ್ತಿತ್ತು. ಹೊಲದಲ್ಲಿ ಕಳೆ ತೆಗೆಯುವವರಿಗೆ ನೀರು ಒಯ್ಯುತ್ತಿದ್ದ ಅವರು ಕೊಡವನ್ನು ರಸ್ತೆ ಬದಿಗೆ ಇಳಿಸಿ ಬಂದಿದ್ದರು.

“ಬ್ಯಾಡ್ರೀ ಯಪ್ಪಾ! ನಮ್ಮ ಮನಿಯವ್ರು ಟ್ರ್ಯಾಕ್ಟರಿಂದು ಹಿಂಗ ತೆಗಿಯಾಕ ಹೋಗಿ, ಕುದಿಯೋ ನೀರು ಮಾರಿಗೆ ಸಿಡದು ಎರಡೂ ಕಣ್ಣು ಕಳ್ಕೊಂಡಾರ.”

ಎಂಜಿನ್ ತಣ್ಣಗಾಗುವವರೆಗೂ ಅವರು ನನಗೂ ಬಾನೆಟ್‌ಗೂ ನಡುವೆ ನಿಂತೇ ಇದ್ದರು. ಆಮೇಲೆ ನನ್ನನ್ನು ದೂರ ಸರಿಸಿ, ತಾವೇ ಸೆರಗಿನಿಂದ ಮುಚ್ಚಳ ತಿರುಗಿಸಿ, ಕೊಡದ ನೀರನ್ನೆಲ್ಲ ಸುರಿದರು. ಖಾಲಿ ಕೊಡ ಎತ್ತಿಕೊಂಡು ಮತ್ತೆ ಬೋರ್‌ವೆಲ್ ಕಡೆ ನಡೆದರು.

ಅವರು ಹಿಡಿದ ಗುರುತು ಸಂಜೆಗೆಲ್ಲ ಮಾಸಿತು. ಬಾನೆಟ್ ಎತ್ತಿದಾಗ ಮಾತ್ರ ನನ್ನ ಕೈ ಇವತ್ತಿಗೂ ತಾನಾಗಿಯೇ ನಿಲ್ಲುತ್ತದೆ.