ನೂರಕ್ಕೆ ನಲವತ್ತು ಮಳೆ

ಶಹಾಪುರದ ನಮ್ಮ ಚಿಗವ್ವನಿಗೆ ಪ್ರತಿ ಸೋಮವಾರ ಮೊಬೈಲಿನಲ್ಲಿ ವಾರದ ಹವಾಮಾನ ಓದಿ ಹೇಳುವುದು ನನ್ನ ಕೆಲಸ. ಆ ವಾರ ಅವಳು ಗಂಡನ ಮನೆಯಲ್ಲಿರುವ ಮಗಳಿಗೆ ವರ್ಷದ ಖಾರಪುಡಿ ಕಳಿಸಬೇಕಿತ್ತು. ಅದಕ್ಕೆ ಮೆಣಸಿನಕಾಯಿ ಒಣಗಬೇಕಿತ್ತು.

“ಇವತ್ತು ಮಳಿ ನೂರಕ್ಕ ನಲವತ್ತು ಅಂತ, ಚಿಗವ್ವ.”

“ಅಂದ್ರ ಬರ್ತದೋ, ಇಲ್ಲೋ?”

“ಇಂಥಾ ದಿನ ನೂರು ಬಂದ್ರ, ನಲವತ್ತು ದಿನ ಮಳಿ ಆಗ್ತದ. ಇವತ್ತಿಂದು ಗೊತ್ತಿಲ್ಲ.”

“ನಿನ್ನ ಮೊಬೈಲು ನಿಮ್ಮ ಕಾಕಾನಂಗೇ ಅದ ಬಿಡು. ಹೌದೂ ಅನ್ನಲ್ಲ, ಅಲ್ಲಾ ಅನ್ನಲ್ಲ!”

ಮಧ್ಯಾಹ್ನ ದಪ್ಪ ಹನಿ ಬಿದ್ದವು. ನಾನು ಮಾಳಿಗೆಗೆ ಓಡುವಷ್ಟರಲ್ಲಿ ಹರವಿದ್ದ ಮೆಣಸಿನಕಾಯಿ ತೊಯ್ದುಹೋಗಿತ್ತು. ನನ್ನ ಮುಖ ನೋಡಿ ಚಿಗವ್ವ ನಕ್ಕಳು.

“ನೀ ಹೇಳಿದಂಗ ಹತ್ತು ಕಿಲೋದಾಗ ನಾಕು ಕಿಲೋ ಒಳಗ ಇಟ್ಟೇನಿ. ನಾಳಿ ಬಿಸಲಿಗಿ ಹಾಕಿದ್ರ ಮಗಳಿಗಿ ಅಷ್ಟು ಸಾಕು. ತೊಯ್ದಿದ್ದು ನಾವು ತಿನ್ನೂಣು.”