ಉಮ್ ಅದ್ನಾನಳ ವಾರದ ಕಂತು

ಮುಂತಹಾ ಹುಟ್ಟಿ ಬೆಳೆದದ್ದು ಸೈದಾ ಪಟ್ಟಣದ ಹಳೇ ಬಂದರಿನ ಹಿಂದಿನ ಓಣಿಯಲ್ಲಿ. ಅಪ್ಪ ಮೀನಿನ ಬಲೆ ಹೆಣೆಯುವವನು. ಆ ಮನೆಗೆ ಬೇಳೆಯಿಂದ ಹಿಡಿದು ಚಪ್ಪಲಿಯವರೆಗೆ ಬಂದದ್ದೆಲ್ಲ ಸಾಲದ ಮೇಲೆಯೇ. ಕೊಟ್ಟವರು ವಸೂಲಿಗೆ ಬಂದಾಗ ಅಮ್ಮ ಮಕ್ಕಳ ಬಾಯಿಗೆ ಕೈ ಒತ್ತಿ, ಒಳಗೆ ನರಪಿಳ್ಳೆಯೂ ಇಲ್ಲದಂತೆ ಕೂರಿಸುತ್ತಿದ್ದಳು. ಬಾಗಿಲು ಬಡಿದ ಸದ್ದಿಗೆ ಎದೆ ಧಸಕ್ಕೆನ್ನುವುದು ಮುಂತಹಾಗೆ ಆಗ ಅಂಟಿದ ಜಾಡ್ಯ; ಅರವತ್ತು ದಾಟಿದರೂ ಬಿಡಲಿಲ್ಲ.

ಅಂಥವಳಿಗೆ ಗಂಟುಬಿದ್ದವನು ಶಫೀಖ್. ಸೈದಾದಿಂದ ರಾಜಧಾನಿ ಬೈರೂತಿಗೆ ಬಾಡಿಗೆ ಕಾರು ಓಡಿಸುತ್ತಿದ್ದ. ಕಾರು ಕಂತಿನದು, ಫ್ರಿಜ್ಜು ಕಂತಿನದು, ಮದುವೆಯ ಮಂಚವೂ ಕಂತಿನದೇ. ಹೆಂಡತಿ ಸಿಡುಕಿದರೆ ಅವನು ನಗುತ್ತಿದ್ದ: "ದೇವರೇ ಸೂರ್ಯನ್ನ ದಿನಕ್ಕೊಂದು ಸಲ ಕೊಡ್ತಾನೆ ಕಣೇ. ವರ್ಷದ್ದೆಲ್ಲ ಒಟ್ಟಿಗೆ ಕೊಡ್ತಾನಾ?"

ಹುಟ್ಟಿ ವಾರವೂ ಬದುಕದ ಒಂದು ಗಂಡುಮಗು ಅವರಿಗೆ ಆಗಿತ್ತು. ಅದ್ನಾನ್ ಅಂತ ಹೆಸರಿಟ್ಟಿದ್ದರು. ಮಗು ಹೋಯಿತು, ಹೆಸರು ಉಳಿಯಿತು. ಓಣಿಯವರಿಗೆ ಅವಳು ಇವತ್ತಿಗೂ ಉಮ್ ಅದ್ನಾನ್, ಅದ್ನಾನನ ತಾಯಿ. ಮತ್ತೆ ಮಕ್ಕಳಾಗಲಿಲ್ಲ. ಅವಳು ಹೊಲಿಗೆ ಯಂತ್ರದ ಮುಂದೆ ಕೂತು ಪರದೆ, ಹಾಸಿಗೆ ಹೊದಿಕೆ ಹೊಲಿದಳು. ಕೈಗೆ ಬಂದ ಕಾಸಿನಿಂದ ಗಂಡನ ಕಂತುಗಳನ್ನು ಒಂದೊಂದಾಗಿ ತೀರಿಸಿ, ಆಮೇಲೆ ಮನೆಯ ಕಾರುಬಾರನ್ನೇ ತನ್ನ ಕೈಗೆ ತಗೊಂಡಳು. ವರ್ಷದ ಆಲಿವ್ ಎಣ್ಣೆಗೆ ಸುಗ್ಗಿಗೆ ಮುಂಚೆಯೇ ದುಡ್ಡು, ಕಟ್ಟಡದ ನಿರ್ವಹಣೆ ವೆಚ್ಚ ವರ್ಷದ ಮೊದಲ ವಾರದಲ್ಲೇ ಚುಕ್ತಾ. ಮುಂಗಡ ಕೊಟ್ಟರೆ ಅಂಗಡಿಯವನು ನಾಲ್ಕು ಕಾಸು ಬಿಡುತ್ತಿದ್ದ, ಅದು ಒಂದು. ಕೊಡಬೇಕಾದದ್ದು ಏನೂ ಉಳಿದಿಲ್ಲ ಎಂದುಕೊಂಡು ಮಲಗಬಹುದಿತ್ತು, ಅದು ಇನ್ನೂ ದೊಡ್ಡದು. ಮಿಕ್ಕಿದ್ದನ್ನು ಬ್ಯಾಂಕಿಗೆ ಹಾಕುತ್ತಾ ಬಂದಳು.

ಹಾಗಿರುವಾಗ ದೇಶದ ಬ್ಯಾಂಕುಗಳೆಲ್ಲ ಒಂದು ಶರತ್ಕಾಲದಲ್ಲಿ ಬಾಗಿಲು ಹಾಕಿಕೊಂಡವು. ತೆರೆದಾಗ ಅವಳ ದುಡ್ಡು ಬರೀ ಅಂಕಿಯಾಗಿತ್ತು. ಕೇಳಿದರೆ ತಿಂಗಳಿಗೆ ಒಂದು ಚಿಟಿಕೆ ಕೊಡುತ್ತಿದ್ದರು. ಶಫೀಖ್‌ಗೆ ಅದರಲ್ಲೂ ನಗು. "ನೋಡಿದ್ಯಾ, ನೀನು ಬ್ಯಾಂಕಿಗೆ ಒಟ್ಟಿಗೆ ಕೊಟ್ಟೆ, ಅವರು ನಿನಗೆ ಕಂತಲ್ಲಿ ಕೊಡ್ತಿದಾರೆ!" ಆದರೆ ನಗುವಿನ ತುದಿಗೆ ಕೆಮ್ಮು ಹತ್ತಿಕೊಂಡಿತು. ಸಿಗರೇಟಿನ ಹೊಗೆ, ಮೂವತ್ತು ವರ್ಷದ ಹೆದ್ದಾರಿಯ ಹೊಗೆ, ಎರಡೂ ಸೇರಿ ಅವನ ಶ್ವಾಸಕೋಶ ತಿಂದುಹಾಕಿದ್ದವು. ಕೈಖರ್ಚಿಗೆಂದು ಮನೆಯ ಡಬ್ಬಿಯಲ್ಲಿ ಉಳಿದಿದ್ದ ಡಾಲರುಗಳನ್ನೆಲ್ಲ ಸುರಿದು ಅವಳು ಆಮ್ಲಜನಕದ ಯಂತ್ರ ತಂದಳು. ಮಂಚದ ಪಕ್ಕದಲ್ಲಿ ಅದು ಗುರ್ ಎನ್ನುತ್ತಿದ್ದರೆ ಅವನು ಉಸಿರಾಡುತ್ತಿದ್ದ.

ಯಂತ್ರಕ್ಕೆ ಕರೆಂಟು ಬೇಕು. ಸರಕಾರದ ಕರೆಂಟು ಬಂದರೆ ಬಂತು, ಹೋದರೆ ಹೋಯಿತು. ಓಣಿಯನ್ನು ನಡೆಸುತ್ತಿದ್ದದ್ದು ಬೇಕರಿಯ ಹಿಂದಿನ ಖಾಲಿ ಜಾಗದಲ್ಲಿದ್ದ ಅಬು ವಜೀಹನ ಜನರೇಟರು. ಮನೆಮನೆಗೂ ಐದೈದು ಆಂಪಿಯರಿನ ಲೈನು ಎಳೆದು ತಿಂಗಳ ಕೊನೆಗೆ ದುಡ್ಡು ಕೇಳುತ್ತಿದ್ದ. ಆ ಬೇಸಿಗೆಯ ಆರಂಭದಲ್ಲಿ ಅವನು ಹೊಸ ನಿಯಮ ತಂದ: ಮೂರು ತಿಂಗಳದ್ದು ಮುಂಗಡ ಡಾಲರಿನಲ್ಲಿ ಕೊಟ್ಟವರಿಗೆ ಹಳೇ ದರ, ಆಗದವರು ಪ್ರತಿ ಶುಕ್ರವಾರ ವಾರದ ಕಂತು ಕಟ್ಟಬೇಕು, ದರದ ಮೇಲೆ ಐದರಲ್ಲೊಂದು ಪಾಲು ಹೆಚ್ಚು.

ಅವನು ದುಡ್ಡು ಕಟ್ಟಿಸಿಕೊಳ್ಳುವ ಗೂಡಂಗಡಿಗೆ ಮುಂತಹಾ ಹೋದಳು.

"ಅಬು ವಜೀಹ್, ಇದೆಲ್ಲಿಯ ನ್ಯಾಯ? ಇದ್ದೋರಿಗೆ ಅಗ್ಗ, ಇಲ್ಲದೋರಿಗೆ ತುಟ್ಟಿ?"

"ಉಮ್ ಅದ್ನಾನ್, ನೀವು ನನ್ನ ತಾಯಿ ಸಮಾನ. ಆದ್ರೆ ಡೀಸೆಲ್ ವ್ಯಾಪಾರಿ ನನ್ನ ತಮ್ಮ ಅಲ್ಲ. ಟ್ಯಾಂಕರ್ ಬಾಯಿ ತೆಗೆಯೋಕೆ ಮುಂಚೆ ದುಡ್ಡು ಎಣಿಸ್ಕೋತಾನೆ. ನೀವು ವಾರ ವಾರ ಕೊಟ್ರೆ ನಾನು ಅವನಿಗೇನು ಕೊಡ್ಲಿ, ಮೀಸೆನಾ?"

"ನಾನು ಯಾವತ್ತಾದ್ರೂ ಬಾಕಿ ಉಳಿಸ್ಕೊಂಡಿದೀನಾ?"

"ನೀವಲ್ಲ. ನಿಮ್ಮ ಹೆಸರು ಹೇಳ್ಕೊಂಡು ಇನ್ನಿಪ್ಪತ್ತು ಜನ ಬರ್ತಾರೆ." ಅವನು ದನಿ ತಗ್ಗಿಸಿದ. "ಶುಕ್ರವಾರ ಮಧ್ಯಾಹ್ನ ನಮಾಜಿಗೆ ಮುಂಚೆ ಬರ್ಬೇಕು ಅಷ್ಟೆ. ಆಮೇಲೆ ಹುಡುಗರು ಲೈನ್ ಕಿತ್ರೆ ನನ್ನ ಬೈಬೇಡಿ."

ಮೂರು ತಿಂಗಳದ್ದು ಒಟ್ಟಿಗೆ ಅವಳ ಹತ್ತಿರ ಎಲ್ಲಿತ್ತು? ಹುಟ್ಟಿದಂದಿನಿಂದ ಕಂತೆಂದರೆ ಮೈ ಉರಿಸಿಕೊಳ್ಳುತ್ತಿದ್ದವಳು ಹೂಂ ಎಂದು ತಲೆಯಾಡಿಸಿ ಬಂದಳು.

ಮೆಟ್ಟಿಲಲ್ಲಿ ಮೇಲಿನ ಮನೆಯ ಬಹೀಜಾ ಸಿಕ್ಕಳು. ಮದುವೆಯಾಗದ ಹೆಂಗಸು, ಮಾತು ಕತ್ತರಿ; ಓಣಿಯೆಲ್ಲ ಮರ್ಯಾದೆಗೆ ಅವಳನ್ನು 'ಸಿತ್' ಅಂತಲೇ ಕರೆಯುತ್ತಿತ್ತು. ಮುಖ್ಯರಸ್ತೆಯಲ್ಲಿ ಅಪ್ಪ ಬಿಟ್ಟುಹೋದ ಒಂದು ಅಂಗಡಿ, ಅದರ ಬಾಡಿಗೆಯೇ ಅವಳ ಜೀವನ. ಮೂರು ತಿಂಗಳದ್ದನ್ನು ಆಗಲೇ ಕಟ್ಟಿಬಂದಿದ್ದಳು.

"ನಿಮಗೇನು ಬಿಡಿ ಸಿತ್ ಬಹೀಜಾ," ಎಂದಳು ಮುಂತಹಾ. "ಅದೇ ತಂತಿ, ಅದೇ ದೀಪ. ನನಗೆ ಮಾತ್ರ ಐದರಲ್ಲೊಂದು ಪಾಲು ಜಾಸ್ತಿ."

"ಅದೇ ದೀಪ ಅಲ್ಲ. ನನ್ನ ದುಡ್ಡಲ್ಲಿ ಕೊಂಡ ಡೀಸೆಲ್ ಈ ವಾರ ನಿನ್ನ ಮನೇಲೂ ಉರೀತಿದೆ. ಅವನು ನಾಳೆ ಮೂರು ತಿಂಗಳ ದುಡ್ಡು ಜೇಬಿಗಿಳಿಸಿ ಓಡಿಹೋದ್ರೆ ಮುಳುಗೋಳು ನಾನು, ನೀನಲ್ಲ. ಆ ಭಯಕ್ಕೆ ಬೆಲೆ ಬೇಡ್ವಾ?"

"ನನ್ನ ಭಯಕ್ಕೆ ಯಾರು ಬೆಲೆ ಕಟ್ತಾರೆ?"

ಬಹೀಜಾಗೆ ಸಿಟ್ಟು ಬಂತು. ದಡದಡ ಮೇಲೆ ಹತ್ತಿಹೋದಳು.

ಆಮೇಲೆ ಮುಂತಹಾಳ ವಾರಕ್ಕೆ ಒಂದೇ ದಿನವಾಯಿತು. ಮಂಗಳವಾರ ಗಿರಾಕಿ ಪರದೆ ತಗೊಂಡು "ಮಿಕ್ಕಿದ್ದು ಆಮೇಲೆ" ಎಂದರೆ ಇವಳಿಗೆ ಶುಕ್ರವಾರ ಕಣ್ಣಮುಂದೆ ಬರುತ್ತಿತ್ತು. ತಾನು ಕುಡಿಯುವ ಕಾಫಿ ಬಿಟ್ಟಳು. ಒಂದು ಶುಕ್ರವಾರ ದುಡ್ಡು ಸಾಲದೆ, ಹೊಲಿದಿಟ್ಟ ಹೊದಿಕೆಯನ್ನು ಗಿರಾಕಿಯ ಮನೆಗೇ ಹೊತ್ತುಕೊಂಡು ಹೋಗಿ, ಅವರು ತಡವಾಗಿ ಎದ್ದು ಹಲ್ಲುಜ್ಜುತ್ತಾ ಬಾಗಿಲು ತೆಗೆಯುವವರೆಗೆ ನಿಂತಿದ್ದಳು. ಅಲ್ಲಿಂದ ಗೂಡಂಗಡಿಗೆ ಓಡಿಬಂದು ದುಡ್ಡು ಇಟ್ಟಾಗ ಮಸೀದಿಯಲ್ಲಿ ಮಧ್ಯಾಹ್ನದ ನಮಾಜಿನ ಬಾಂಗ್ ಶುರುವಾಗಿತ್ತು.

ಶಫೀಖ್ ಅವಳ ಮುಖ ನೋಡುತ್ತಿದ್ದ. "ಇಷ್ಟು ಒದ್ದಾಡ್ಬೇಡ್ವೇ. ನಾನು ಉಸಿರನ್ನೂ ಕಂತಲ್ಲೇ ಎಳೀತಿದೀನಿ. ಯಾವುದೋ ಒಂದು ಕಂತು ತಪ್ಪುತ್ತೆ, ಆಗ ಬಂದು ಗಾಡಿ ಎಳ್ಕೊಂಡು ಹೋಗ್ತಾರೆ."

"ಬಾಯ್ಮುಚ್ಚು," ಎಂದಳು. ಹೊಲಿಗೆ ಯಂತ್ರದ ಗಾಲಿಯನ್ನು ಜೋರಾಗಿ ತಿರುಗಿಸಿದಳು.

ಆಗಸ್ಟಿನ ಒಂದು ಮಧ್ಯಾಹ್ನ, ಸಮುದ್ರದಿಂದ ಎಲೆಯಾಡುವಷ್ಟೂ ಗಾಳಿಯಿಲ್ಲದ ಹೊತ್ತು, ಬೇಕರಿಯ ಹಿಂದೆ ಢಮ್ ಎಂದಿತು. ಓಣಿಯ ಫ್ಯಾನುಗಳೆಲ್ಲ ನಿಂತವು. ಶಫೀಖನ ಯಂತ್ರ ಗುರ್ ಎನ್ನುವುದನ್ನು ನಿಲ್ಲಿಸಿ ಕೀಂ ಕೀಂ ಎಂದು ಅರಚತೊಡಗಿತು. ಮುಂತಹಾ ಮೂಲೆಯಲ್ಲಿದ್ದ ತುರ್ತಿನ ಸಿಲಿಂಡರಿಗೆ ನಳಿಕೆ ಸಿಕ್ಕಿಸಿದಳು. ತಿರುಪು ಎರಡು ಸಲ ಜಾರಿತು. ಸಿಲಿಂಡರಿನ ಮುಳ್ಳು ಅರ್ಧಕ್ಕಿಂತ ಕೆಳಗಿತ್ತು. ತುಂಬಿಸಿಡಬೇಕೆಂದು ಅಂದುಕೊಂಡಿದ್ದಳು, ದುಡ್ಡೆಲ್ಲ ಶುಕ್ರವಾರಗಳಿಗೆ ಹೋಗಿತ್ತು.

ಬಹೀಜಾ ಕೆಳಗಿಳಿದು ಬಂದಳು. "ಎಂಜಿನ್ ಸುಟ್ಟು ಕರಕಲಾಗಿದೆಯಂತೆ. ಅಬು ವಜೀಹ್ ತಲೆ ಮೇಲೆ ಕೈ ಹೊತ್ತು ಕೂತಿದಾನೆ. ವಾರಗಟ್ಟಲೆ ಆಗುತ್ತಂತೆ." ಬಾಗಿಲಿಗೆ ಒರಗಿ ಹೇಳಿದಳು: "ಮುಂದಿನ ಮೂರು ತಿಂಗಳದ್ದನ್ನ ಮೊನ್ನೆಯಷ್ಟೇ ಕಟ್ಟಿದ್ದೆ."

ಮುಂತಹಾ ಆ ಮಾತನ್ನು ಕೇಳಿಸಿಕೊಂಡಳೋ ಇಲ್ಲವೋ. ಅವಳ ಕಣ್ಣು ಮುಳ್ಳಿನ ಮೇಲೆಯೇ ಇತ್ತು. "ಆಸ್ಪತ್ರೆಗೆ ಹೋಗೋಣ ಅಂದ್ರೆ ಅಲ್ಲೂ ಮುಂಗಡ ಇಡದೆ ಗೇಟು ದಾಟಿಸಲ್ಲ. ಏನ್ ಮಾಡ್ಲಿ ಸಿತ್ ಬಹೀಜಾ?"

ಮುಖ್ಯರಸ್ತೆಯ ಆಚೆ ಇನ್ನೊಬ್ಬನ ಜನರೇಟರು ಇತ್ತು. ಬಹೀಜಾ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು. ಅವನೂ ಅದೇ ಹಾಡು ಹಾಡಿದ: ಹೊಸ ಲೈನು ಬೇಕಾದರೆ ಮೂರು ತಿಂಗಳದ್ದು ಮೊದಲು ಮೇಜಿನ ಮೇಲೆ. ಅವಳ ಕೈಯಲ್ಲಿ ಕಾಸಿರಲಿಲ್ಲ. ನೇರ ತನ್ನ ಅಂಗಡಿಗೆ ಹೋಗಿ, ಬಾಡಿಗೆಗಿದ್ದ ಮೊಬೈಲ್ ವ್ಯಾಪಾರಿಯ ಹತ್ತಿರ ಮುಂದಿನ ತಿಂಗಳುಗಳ ಬಾಡಿಗೆ ಈಗಲೇ ಕೊಡು ಎಂದಳು.

"ಕೊಡ್ತೀನಿ," ಎಂದ ಅವನು. "ಆದ್ರೆ ಮುಂಗಡ ಅಲ್ವಾ? ಸ್ವಲ್ಪ ಬಿಟ್ಟುಕೊಡ್ಬೇಕು ನೀವು."

ಜೀವಮಾನದಲ್ಲಿ ಬಾಡಿಗೆಯಲ್ಲಿ ಒಂದು ಕಾಸೂ ಬಿಡದಿದ್ದ ಹೆಂಗಸು ಹಲ್ಲು ಕಚ್ಚಿ ಒಪ್ಪಿ, ಎರಡೂ ಮನೆಗೆ ಸೇರಿಸಿ ಒಂದು ಲೈನಿಗೆ ದುಡ್ಡು ಕಟ್ಟಿಬಂದಳು.

ಕೆಲಸದವರು ತಾರಸಿಯಿಂದ ತಾರಸಿಗೆ ತಂತಿ ಎಸೆದು, ಕಿಟಕಿಯೊಳಗೆ ತೂರಿಸಿ ಜೋಡಿಸುವ ಹೊತ್ತಿಗೆ ಸಿಲಿಂಡರಿನ ಮುಳ್ಳು ಕೆಂಪು ಗೆರೆಗಿಂತ ಕೆಳಗೆ ಇಳಿದಿತ್ತು. ಶಫೀಖನ ತುಟಿ ನೀಲಿಗಟ್ಟಿತ್ತು. ಮುಂತಹಾ ಅವನ ಬೆನ್ನಿಗೆ ಎದೆಯಾನಿಸಿ ಕೂರಿಸಿಕೊಂಡು, ಅವನ ಒಂದೊಂದು ಉಸಿರಿನ ಜೊತೆ ತಾನೂ ಎಳೆಯುತ್ತಿದ್ದಳು. ಯಂತ್ರ ಗುರ್ ಎಂದಾಗ ನಳಿಕೆಯನ್ನು ಅದಕ್ಕೆ ಬದಲಿಸಿ ಸಿಲಿಂಡರಿನ ತಿರುಪು ಮುಚ್ಚಿದಳು.

ಮಾರನೆಯ ದಿನ ಅವಳು ಮೇಲಿನ ಮನೆಗೆ ಹೋದಳು. "ನನ್ನ ಪಾಲು ವಾರ ವಾರ ತೀರಿಸ್ತೀನಿ. ಅಬು ವಜೀಹ್‌ಗೆ ಕೊಡ್ತಿದ್ನಲ್ಲ, ಅದೇ ಐದರಲ್ಲೊಂದು ಪಾಲು ನಿಮಗೂ ಹೆಚ್ಚು ಕೊಡ್ತೀನಿ."

"ಥೂ! ಬಡ್ಡಿ ತಿಂದೋಳು ಅಂತ ನನ್ನ ಗೋರಿ ಮೇಲೆ ಬರೆಸ್ಬೇಕಾ?"

"ಮತ್ತೆ ಬಾಡಿಗೇಲಿ ನೀವು ಬಿಟ್ಟುಕೊಟ್ರಲ್ಲ, ಅದು?"

"ಅದು ನನ್ನ ನಷ್ಟ."

"ನಷ್ಟ ಆದದ್ದು ನನ್ನ ಗಂಡನ ಉಸಿರಿಗೆ. ಅದರಲ್ಲಿ ಅರ್ಧ ನಂದು. ಅದು ಬಡ್ಡಿ ಅಲ್ಲ, ನಷ್ಟದ ಪಾಲು. ಒಪ್ಪದಿದ್ರೆ ಲೈನ್ ಕೀಳಿಸಿಬಿಡಿ."

ಲೈನು ಕೀಳಿಸುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಬಹೀಜಾ ಗೊಣಗುತ್ತಾ ಒಪ್ಪಿದಳು.

ಅಬು ವಜೀಹ್ ಓಡಿಹೋಗಲಿಲ್ಲ. ಎಂಜಿನ್ನಿನ ರಿಪೇರಿಗೆ ತನ್ನ ಕಾರು ಮಾರಿ, ಮುಂಗಡ ಕೊಟ್ಟವರ ಮನೆಮನೆಗೂ ತಲೆತಗ್ಗಿಸಿಕೊಂಡು ಬಂದ. ಬಹೀಜಾಳ ಬಾಗಿಲಲ್ಲಿ ಟೋಪಿ ಹಿಂಡುತ್ತಾ ನಿಂತು, "ಸಿತ್ ಬಹೀಜಾ, ನಿಮ್ಮ ದುಡ್ಡು ಎಲ್ಲೂ ಹೋಗಲ್ಲ. ಒಟ್ಟಿಗೆ ಆಗಲ್ಲ, ವಾರ ವಾರ ಕೊಡ್ತೀನಿ" ಎಂದ.

"ಕೊಡಪ್ಪಾ," ಎಂದಳು ಬಹೀಜಾ. "ಐದರಲ್ಲೊಂದು ಪಾಲು ಜಾಸ್ತಿ ಸೇರಿಸಿ ತಾನೇ?"

ಅವನ ಮುಖ ಸುಟ್ಟ ಎಂಜಿನ್ನಿನ ಬಣ್ಣಕ್ಕೆ ತಿರುಗಿತು. ಕೆಳಗಿನ ಮೆಟ್ಟಿಲಲ್ಲಿ ನಿಂತು ಕೇಳಿಸಿಕೊಂಡ ಮುಂತಹಾಗೆ ನಗು ಬರಬೇಕಿತ್ತು. ಬರಲಿಲ್ಲ. ಟೋಪಿ ಹಿಂಡುವ ಆ ಬೆರಳುಗಳನ್ನು ನೋಡಿ ಎರಡು ಮೆಟ್ಟಿಲು ಹತ್ತಿ, "ಬಿಡಿ ಸಿತ್ ಬಹೀಜಾ, ಅವನಿಗೂ ಮಕ್ಕಳಿವೆ" ಎಂದಳು. ಅವನು ಮತ್ತೆ ಜನರೇಟರು ಹೂಡಿದಾಗ ವಾರದ ಕಂತಿನವರಿಗೆ ಹತ್ತರಲ್ಲೊಂದು ಪಾಲು ಮಾತ್ರ ಹೆಚ್ಚು ಹಾಕಿದ. ಅದೂ ನ್ಯಾಯವೋ ಅಲ್ಲವೋ ಎಂದು ಬೇಕರಿಯ ಮುಂದೆ ಜನ ಬಹಳ ದಿನ ಜಗಳವಾಡಿದರು, ಇತ್ಯರ್ಥವಾಗಲಿಲ್ಲ.

ಶಫೀಖ್ ಆ ಚಳಿಗಾಲ ಕಳೆದ. ಕಿಟಕಿಯ ಪಕ್ಕ ಕೂತು, ಹೋಗಿಬರುವ ಬಾಡಿಗೆ ಕಾರಿನವರನ್ನು ಕೂಗಿ ಗೇಲಿ ಮಾಡುವಷ್ಟು ದಮ್ಮು ಬಂತು. ಮುಂತಹಾ ಪ್ರತಿ ಶುಕ್ರವಾರ ಬೆಳಿಗ್ಗೆ ಮೇಲೆ ಹತ್ತಿ ದುಡ್ಡಿಟ್ಟು ಬರುತ್ತಿದ್ದಳು. ಬಹೀಜಾ ಎಣಿಸದೆ ಸಕ್ಕರೆ ಡಬ್ಬಿಯ ಕೆಳಗೆ ತಳ್ಳಿ, ಕಾಫಿಗೆ ನೀರಿಡುತ್ತಿದ್ದಳು.

ಒಂದು ಶುಕ್ರವಾರ, ಹೊರಗೆ ಗಾಳಿಮಳೆ. ಮುಂತಹಾಳ ಕೆಂಪೇರಿದ ಕಣ್ಣು ನೋಡಿ ಬಹೀಜಾ ಹೇಳಿದಳು: "ರಾತ್ರಿಯೆಲ್ಲ ಹೊಲಿದ್ಯಾ? ಯಾಕೆ ಹೀಗೆ ಸಾಯ್ತೀಯಾ? ಒಂದು ವಾರ ತಪ್ಪಿದ್ರೆ ನಾನೇನು ಲೈನ್ ಕೀಳ್ತೀನಾ? ಇದ್ದಾಗ ಕೊಡು."

ಮುಂತಹಾ ಲೋಟ ಕೆಳಗಿಟ್ಟುಬಿಟ್ಟಳು. "ಹಾಗನ್ಬೇಡಿ. ಶುಕ್ರವಾರ ಅಂದ್ರೆ ಶುಕ್ರವಾರ. ಇದ್ದಾಗ ಕೊಡು ಅಂದುಬಿಟ್ರೆ ನನಗೆ ಏಳು ದಿನವೂ ಶುಕ್ರವಾರ ಆಗುತ್ತೆ, ಸಿತ್ ಬಹೀಜಾ. ನಾನು ಮಲಗೋದು ಯಾವಾಗ?"

ಬಹೀಜಾ ಡಬ್ಬಿಯ ಕೆಳಗಿಂದ ನೋಟುಗಳನ್ನು ತೆಗೆದು, ಅವಳ ಕಣ್ಣೆದುರಿಗೇ ಒಂದೊಂದಾಗಿ ಎಣಿಸಿ, "ಸರಿಯಾಗಿದೆ, ಉಮ್ ಅದ್ನಾನ್" ಎಂದಳು.