ಹಿರಿಯರಂತೆ ಕಾಣದ ಹಿರಿಯರು

ತೊಂಬತ್ತರ ದಶಕದ ಕೊನೆಯಲ್ಲಿ, ಹಲಸೂರಿನ ನಮ್ಮ ಬೀದಿಯ ಪಾರ್ಕಿನ ಮೂಲೆಯಲ್ಲಿ ಕಾರ್ಪೊರೇಷನ್ನಿನವರು ಹಿರಿಯರಿಗೆಂದು ಒಂದು ಕೊಠಡಿ ಕಟ್ಟಿಸಿಕೊಟ್ಟಾಗ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವಳು ನಾನು. ನನಗಿನ್ನೂ ಮೂವತ್ತು ತುಂಬಿರಲಿಲ್ಲ. ಆದರೆ ನನ್ನ ಅತ್ತೆಗೆ ಅರವತ್ತು ಎಂದೋ ದಾಟಿತ್ತು, ಮತ್ತು ಅವರು ಬೆಳಗಿನಿಂದ ಸಂಜೆಯವರೆಗೆ ಅಡುಗೆಮನೆ ಬಾಗಿಲಲ್ಲೇ ಮಣೆ ಹಾಕಿಕೊಂಡು ಕೂತಿರುತ್ತಿದ್ದರು. "ಹುಳಿಗೆ ಉಪ್ಪು ಹಾಕಿದ್ಯಾ? ಎರಡು ಸಲ ಹಾಕ್ಬಿಟ್ಯಾ?"

ಕೊಠಡಿ ಬಂದಮೇಲೆ ನಮ್ಮಿಬ್ಬರಿಗೂ ಬಿಡುಗಡೆಯಾಯಿತು. ವಾರ್ಡಿನ ಅನುದಾನದಲ್ಲಿ ಅಲ್ಲಿ ಫ್ಯಾನು, ಪೇಪರು, ಮಧ್ಯಾಹ್ನದ ಟೀ-ಬಿಸ್ಕತ್ತು, ವಾರಕ್ಕೊಮ್ಮೆ ಬಿ.ಪಿ. ನೋಡಲು ಒಬ್ಬ ನರ್ಸು. ಅತ್ತೆಗೆ ಇವೆಲ್ಲಕ್ಕಿಂತ ಮುಖ್ಯ ಹಿಂದಿನ ಬೀದಿಯ ಆಪಾ, ಅಂದರೆ ಉರ್ದುವಿನಲ್ಲಿ ಅಕ್ಕ. ಶಿವಾಜಿನಗರದಲ್ಲಿ ಹುಟ್ಟಿ ಬೆಳೆದವರು, ಅತ್ತೆಯ ವಾರಿಗೆಯವರು. ಇಬ್ಬರೂ ಚೌಕಾಬಾರ ಆಡಲು ಕೂತರೆ ಇಬ್ಬರ ಸೊಸೆಯರ ಮಾನವೂ ಹರಾಜಾಗುತ್ತಿತ್ತು. ಹರಾಜಾಗಲಿ, ನನ್ನ ಹುಳಿಯಂತೂ ನೆಮ್ಮದಿಯಾಗಿ ಕುದಿಯುತ್ತಿತ್ತು.

ಅಷ್ಟರಲ್ಲಿ ಸುದ್ದಿ ಬಂತು. ಮುಂದಿನ ವರ್ಷ ಅನುದಾನ ಕೊಡಬೇಕೋ ಬೇಡವೋ ಎಂದು ನೋಡಲು ಆಫೀಸಿನಿಂದ ಸಾಹೇಬರು ಬರುತ್ತಾರಂತೆ. ಕೊಠಡಿಯನ್ನು ಹುಡುಗರ ಜಿಮ್ಮಿಗೆ ಕೊಡಿ ಎಂದು ಯಾರೋ ಕೇಳುತ್ತಿದ್ದಾರಂತೆ. ಅತ್ತೆಗಿಂತ ನನ್ನ ಎದೆಯೇ ಜಾಸ್ತಿ ಹೊಡೆದುಕೊಂಡಿತು.

ದೊಡ್ಡವರು ಬರುತ್ತಾರೆಂದರೆ ನಮ್ಮ ಜನ ಏನು ಮಾಡುತ್ತಾರೆ? ಅಲಂಕಾರ. ಅತ್ತೆ ಹಿಂದಿನ ದಿನವೇ ತಲೆಗೆ ಕಪ್ಪು ಬಳಿಸಿಕೊಂಡರು; ಬಳಿದವಳು ನಾನೇ. ಆಪಾ ಕಣ್ಣಿಗೆ ಸುರ್ಮಾ ಹಚ್ಚಿ, ಮಗನ ಮದುವೆಯ ಸೀರೆ ಉಟ್ಟು ಬಂದರು. ಗಂಡಸರು ತಲೆಯ ಜೊತೆಗೆ ಮೀಸೆಗೂ ಕಪ್ಪು ಬಳಿದರು. ಊರುಗೋಲುಗಳು ನೋಡಲು ಚೆನ್ನಾಗಿರುವುದಿಲ್ಲವೆಂದು ಬಾಗಿಲ ಹಿಂದೆ ಬಚ್ಚಿಟ್ಟರು. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡುತ್ತಿದ್ದೇವೆಂದು ಯಾರಿಗೂ ಹೊಳೆಯಲಿಲ್ಲ.

ಬೋಂಡಾ ತಟ್ಟೆ ಹಿಡಿದು ನಾನೂ ಹೋಗಿದ್ದೆ. ಸಾಹೇಬರು ಒಳಗೆ ಬಂದವರೇ ಸುತ್ತ ನೋಡಿದರು. ಎಲ್ಲಿ ನೋಡಿದರೂ ಕಪ್ಪು ತಲೆಗಳು.

"ಹಿರಿಯರು ಎಲ್ರೀ?" ಎಂದರು.

"ನಾವೇ ಸಾರ್," ಎಂದು ಎಲ್ಲರೂ ಎದೆಯುಬ್ಬಿಸಿ ಹೇಳಿದರು.

"ಏನ್ರೀ ಇದು, ನನಗಿಂತ ಗಟ್ಟಿಮುಟ್ಟಾಗಿದ್ದೀರಿ. ಈ ದುಡ್ಡು ನಿಜವಾಗ್ಲೂ ವಯಸ್ಸಾದೋರಿಗೆ ಹೋಗ್ಬೇಕಲ್ವಾ?"

ವಯಸ್ಸು ಹೇಳಿದರೆ ಮಾನ ಹೋಗುತ್ತದೆ, ಹೇಳದಿದ್ದರೆ ಕೊಠಡಿ ಹೋಗುತ್ತದೆ. ಸಾಹೇಬರು ಹೊರಡಲು ಎದ್ದಾಗ ಅತ್ತೆಯೂ ಎದ್ದರು. ಅವರದು ಕಟ್ಟಿಸಿದ ಹಲ್ಲು ಎಂಬುದು ಮನೆಯಲ್ಲಿ ಗೊತ್ತಿತ್ತು, ಆದರೆ ಹಲ್ಲಿಲ್ಲದ ಆ ಬಾಯನ್ನು ಮಾವನವರೂ ನೋಡಿರಲಿಲ್ಲ. ಅಂಥವರು ಎಲ್ಲರೆದುರು ಬಾಯಿಗೆ ಕೈ ಹಾಕಿ, ಮೇಲಿನದು ಕೆಳಗಿನದು ಎರಡನ್ನೂ ಕಳಚಿ, ಮೇಜಿನ ಮೇಲೆ ಬೋಂಡಾ ತಟ್ಟೆಯ ಪಕ್ಕದಲ್ಲೇ ಇಟ್ಟರು. ಕೆನ್ನೆ ಒಳಗೆ ಹೋಗಿ, ಗದ್ದ ಮೂಗಿನ ಹತ್ತಿರ ಬಂದು, ನೋಡನೋಡುತ್ತಲೇ ಹಣ್ಣು ಹಣ್ಣು ಮುದುಕಿಯಾದರು.

"ಇಷ್ಟು ವಯಸ್ಸು ಸಾಕಾ, ಸ್ವಾಮಿ?" ಎಂದರು, ತೊದಲುತ್ತಾ.

"ಸಾಕು ತಾಯಿ, ಸಾಕು, ಹಾಕ್ಕೊಳ್ಳಿ," ಎಂದು ಬೆವರಿದ ಸಾಹೇಬರು ಅಲ್ಲೇ ಅನುದಾನಕ್ಕೆ ಒಪ್ಪಿಗೆ ಬರೆದರು. ಬೋಂಡಾ ಮಾತ್ರ ಮುಟ್ಟಲಿಲ್ಲ.

ಕೊಠಡಿ ಉಳಿಯಿತು. ಆದರೆ ಮರುದಿನ ಅತ್ತೆ ಅಲ್ಲಿಗೆ ಹೋಗಲಿಲ್ಲ. ಅದರ ಮರುದಿನವೂ ಇಲ್ಲ. ಕೇಳಿದರೆ ಮಂಡಿನೋವು. ಅಡುಗೆಮನೆ ಬಾಗಿಲಿಗೆ ಮಣೆ ವಾಪಸು ಬಂತು, ಬೈಗುಳ ಬರಲಿಲ್ಲ. ಪರೀಕ್ಷೆ ಮಾಡೋಣವೆಂದು ಬೇಕೆಂದೇ ಉಪ್ಪು ಎರಡು ಸಲ ಹಾಕಿದೆ. ಸುಮ್ಮನೆ ಉಂಡು ಎದ್ದರು. ನನಗೆ ಒಂದು ಸಲ ಬೈದರೆ ಸಾಕಪ್ಪಾ ಎನಿಸಿಬಿಟ್ಟಿತು.

ಆ ವಾರ ಮುಗಿಯುವಷ್ಟರಲ್ಲಿ ಆಪಾ ಮನೆಗೇ ಬಂದರು. "ಅಕ್ಕಾ, ಯಾಕೆ ಬರ್ತಿಲ್ಲ?"

ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದರು. "ಎಲ್ರೂ ನೋಡ್ಬಿಟ್ರಲ್ಲ, ಆಪಾ."

ಆಪಾ ಅತ್ತೆಯ ಎದುರಿಗೆ ಬಂದು ಕೂತು, ಬಾಯಿಗೆ ಕೈ ಹಾಕಿ, ಅವರ ಸ್ವಂತ ಸೊಸೆಗೂ ಗೊತ್ತಿರದಿದ್ದ ತಮ್ಮ ಹಲ್ಲಿನ ಸೆಟ್ಟನ್ನು ತೆಗೆದು ಅಂಗೈಯಲ್ಲಿ ಹಿಡಿದರು.

"ನಂದೂ ನೋಡ್ಬಿಡಿ, ಅಕ್ಕಾ," ಎಂದು ಬೋಳುಬಾಯಲ್ಲಿ ನಕ್ಕರು.

ಅತ್ತೆ ನೋಡಿದರು. ಸೆರಗು ತಾನಾಗಿ ಕೆಳಗಿಳಿಯಿತು.